ಕೆಂಪು ಸುತ್ತು, ನೀಲಿ ಗೀಟು: ಫಿಟ್ಸ್ ಮಾತ್ರೆ ನುಂಗುವ ಹೆಣ್ಣುಮಕ್ಕಳ ಮುಟ್ಟು, ಬಸಿರು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಅಡುಗೆಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಕಾಲನಿರ್ಣಯ ಕ್ಯಾಲೆಂಡರ್ ತೂಗುಹಾಕಿದೆ. ಮುಂಬೈಯಲ್ಲಿ ಇದಿಲ್ಲದ ಮನೆ ಸಿಗುವುದು ಕಷ್ಟ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿ, ಸಂಕಷ್ಟಿ ಎಲ್ಲ ಅದರಲ್ಲೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಸುಮ್ನೆ ಅದರ ಹಳೆಯ ಹಾಳೆಗಳನ್ನು ತಿರುವುತ್ತಾ ನಿಂತಿದ್ದೆ. ಅಕ್ಕ ಮಗಳ ಮುಟ್ಟಿನ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಮಗಳಿಗೆ ಫಿಟ್ಸ್ ಬಂದ ದಿನಕ್ಕೆ ನೀಲಿ ಗೀಟು. ಕೆಂಪು ಗೈನಿಕ್ ಡಾಕ್ಟರಿಗೆ ಹೇಳುವುದಕ್ಕೆ, ನೀಲಿ ನ್ಯೂರೊ ಡಾಕ್ಟರಿಗೆ. ಏಳು ತಿಂಗಳಲ್ಲಿ ಐದು ನೀಲಿ ಗೀಟು. ಅದರಲ್ಲಿ ನಾಲ್ಕು, ಕೆಂಪು ಸುತ್ತಿನ ಹಿಂದುಮುಂದಿನ ಎರಡು ಮೂರು ದಿನದೊಳಗೇ ಇದ್ದವು.

ಅಕ್ಕನನ್ನು ಕರೆದು ತೋರಿಸಿದೆ. ಅವಳು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. "ಇಷ್ಟು ದಿನ ನಾನೇ ಬರೀತಿದ್ದೆ, ನನಗೇ ಕಾಣಿಸಲಿಲ್ಲ ನೋಡು" ಅಂದಳು.

ಕಾಣಿಸದೇ ಇದ್ದದ್ದು ಅಕ್ಕನ ತಪ್ಪಲ್ಲ. ಎರಡು ಬಣ್ಣ, ಇಬ್ಬರು ಡಾಕ್ಟ್ರು, ಎರಡು ಫೈಲು. ಫಿಟ್ಸ್ ಫೈಲಿನಲ್ಲಿ ಮುಟ್ಟಿನ ಬಗ್ಗೆ ಒಂದೇ ಒಂದು ಸಾಲಿಲ್ಲ. ಗೈನಿಕ್ ಫೈಲಿನ ಮೂಲೆಯಲ್ಲಿ ಫಿಟ್ಸ್‌ಗೆ ಔಷಧಿ ಇದೆ ಅಂತ ಗೀಚಿದ್ದಾರೆ, ಯಾವ ಔಷಧಿ ಅಂತ ಬರೆದಿಲ್ಲ. ಆ ಎರಡು ಫೈಲಿನ ನಡುವಿನ ಜಾಗದಲ್ಲಿ ನಮ್ಮ ಹುಡುಗಿ ಏಳು ವರ್ಷ ಕಳೆದಳು. ಭಾರತದಲ್ಲಿ ಒಂದು ಕೋಟಿಗೂ ಜಾಸ್ತಿ ಜನರಿಗೆ ಮೂರ್ಛೆರೋಗ ಇದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಅವರಲ್ಲಿ ಹೆಂಗಸರೆಷ್ಟು, ಅವರಲ್ಲಿ ಮುಟ್ಟು, ಮದುವೆ, ಬಸಿರಿನ ವಯಸ್ಸಿನವರೆಷ್ಟು ಅಂತ ಯೋಚಿಸಿ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ.

ಮೊದಲು ಕ್ಯಾಲೆಂಡರಿನ ಮಾತು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅಂದರೆ ಗರ್ಭಕೋಶಕ್ಕೆ ಸಂಬಂಧಪಟ್ಟ ಹಾರ್ಮೋನು ಅಂತಷ್ಟೇ ನಾವು ತಿಳಿದಿರುತ್ತೇವೆ. ಅವೆರಡೂ ಮೆದುಳಿನಲ್ಲೂ ಕೆಲಸ ಮಾಡುತ್ತವೆ. ಈಸ್ಟ್ರೋಜನ್ ಮೆದುಳಿನ ಕೋಶಗಳನ್ನು ಕೆರಳಿಸುವ ಕಡೆಗಿದೆ. ಪ್ರೊಜೆಸ್ಟರಾನ್ ಅದಕ್ಕೆ ಉಲ್ಟಾ. ಅದು ದೇಹದಲ್ಲಿ ಅಲೋಪ್ರೆಗ್ನನಲೋನ್ ಅನ್ನುವ ಇನ್ನೊಂದು ರೂಪ ತಾಳಿ, ಮೆದುಳನ್ನು ಶಾಂತವಾಗಿಡುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ. ಗಾರ್ಡಿನಲ್, ಫ್ರಿಸಿಯಂ ಅನ್ನುವ ಫಿಟ್ಸ್ ಮಾತ್ರೆಗಳು ಕೆಲಸ ಮಾಡುವುದೂ ಇದೇ ಗಾಬಾ ಮೂಲಕ. ಮುಟ್ಟಿಗೆ ಮುಂಚಿನ ಎರಡು ಮೂರು ದಿನ ಪ್ರೊಜೆಸ್ಟರಾನ್ ಒಮ್ಮೆಲೇ ಇಳಿಯುತ್ತದೆ, ಅಂದರೆ ಮೆದುಳಿಗಿದ್ದ ಒಂದು ರಕ್ಷಣೆ ಕಳಚಿದ ಹಾಗೆ. ಆಗಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ತಿಂಗಳ ನಡುವೆ, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಈಸ್ಟ್ರೋಜನ್ ಏರಿದಾಗ ಬರುತ್ತದೆ. ಅಂಡ ಸರಿಯಾಗಿ ಬಿಡುಗಡೆಯಾಗದ ತಿಂಗಳಲ್ಲಿ ಮುಟ್ಟಿನ ಹಿಂದಿನ ಎರಡು ವಾರ ಪೂರ್ತಿ ಕಾಡುವುದೂ ಉಂಟು. ಅಮೆರಿಕದ ಡಾಕ್ಟರ್ ಆಂಡ್ರೂ ಹರ್ಜಾಗ್ ಮತ್ತು ಜೊತೆಗಾರರು 1997ರಲ್ಲಿ ಈ ಮೂರು ನಮೂನೆಗಳನ್ನು ಗುರುತಿಸಿದರು. ಫಿಟ್ಸ್ ಇರುವ ಹೆಂಗಸರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗೆ ಮುಟ್ಟಿನ ಚಕ್ರದ ಜೊತೆ ಫಿಟ್ಸ್ ಏರಿಳಿಯುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ದುಬಾರಿ ಟೆಸ್ಟ್ ಏನೂ ಬೇಡ. ಮೂರು ತಿಂಗಳ ಕ್ಯಾಲೆಂಡರ್ ಸಾಕು, ಎರಡು ಬಣ್ಣದ ಪೆನ್ನು ಸಾಕು. ಗೊತ್ತಾದ ಮೇಲೆ ಉಪಾಯವೂ ಇದೆ. ಮುಟ್ಟು ಒಂದೇ ಸಮನಾಗಿ ಬರುತ್ತಿದ್ದರೆ, ಆ ಕೆಲವು ದಿನಕ್ಕೆ ಮಾತ್ರ ಕ್ಲೋಬಜಾಮ್, ಅಂದರೆ ಫ್ರಿಸಿಯಂ, ಸೇರಿಸುವ ಪದ್ಧತಿ 1980ರ ದಶಕದಿಂದಲೂ ಇದೆ. ಪ್ರೊಜೆಸ್ಟರಾನನ್ನೇ ಔಷಧಿಯಾಗಿ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2012ರಲ್ಲಿ ಹೊರಬಂತು. ಒಟ್ಟಾರೆ ಎಲ್ಲರಿಗೂ ಲಾಭವಾಗಲಿಲ್ಲ, ಆದರೆ ಮುಟ್ಟಿನ ಸಮಯದಲ್ಲಿ ಫಿಟ್ಸ್ ಮೂರು ಪಟ್ಟು ಅಥವಾ ಅದಕ್ಕೂ ಜಾಸ್ತಿ ಆಗುತ್ತಿದ್ದವರಿಗೆ ಪ್ರಯೋಜನ ಕಂಡಿತು. ಅಂದರೆ ಯಾರಿಗೆ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಕೈಯಲ್ಲಿರಬೇಕು. ಆ ಲೆಕ್ಕವೇ ನಮ್ಮ ಮನೆಗಳಲ್ಲಿ ಯಾರೂ ಇಡುವುದಿಲ್ಲ.

ಇದು ಒಂದು ದಿಕ್ಕು, ಹಾರ್ಮೋನು ಫಿಟ್ಸನ್ನು ಕೆಣಕುವುದು. ಇನ್ನೊಂದು ದಿಕ್ಕು ಮಾತ್ರೆಯದು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಮಗೆ ಪೆಟ್ಟು ಬಿದ್ದದ್ದು ಅಲ್ಲೇ.

ನಮ್ಮ ಹುಡುಗಿಗೆ ಮೊದಲ ಸಲ ಫಿಟ್ಸ್ ಬಂದಾಗ ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ಕೊಟ್ಟಿದ್ದು ವಾಲ್ಪ್ರೊಯೇಟ್. ವಾಲ್ಪರಿನ್, ಎನ್ಕೊರೇಟ್ ಅಂತೆಲ್ಲ ಹೆಸರಿನಲ್ಲಿ ಸಿಗುತ್ತದಲ್ಲ, ಅದೇ. ಫಿಟ್ಸ್ ನಿಂತಿತು. ಎಲ್ಲರಿಗೂ ಖುಷಿ. ಒಂದು ವರ್ಷದಲ್ಲಿ ಹನ್ನೊಂದು ಕಿಲೊ ತೂಕ ಏರಿತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಮುಖದ ತುಂಬ ಮೊಡವೆ, ಗಲ್ಲದ ಮೇಲೆ ಸಣ್ಣ ಸಣ್ಣ ರೋಮ. ಮುಟ್ಟು ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಊರಿಂದ ಬಂದ ಅಜ್ಜಿ "ವಡಾಪಾವ್ ತಿಂದು ತಿಂದು ಹೀಗಾಗಿದ್ದಾಳೆ" ಅಂದರು. ಸೋನೋಗ್ರಫಿ ಆಯಿತು, ಪಿಸಿಒಡಿ, ಅಂದರೆ ಅಂಡಾಶಯದಲ್ಲಿ ನೀರುಗುಳ್ಳೆ, ಅಂತ ಹೇಳಿದರು, ಸಿಹಿ ಬಿಡು, ಓಡು ಅಂದರು. ಹುಡುಗಿ ಬೆಳಿಗ್ಗೆ ಐದೂವರೆಗೆ ಎದ್ದು ಮೈದಾನಕ್ಕೆ ಸುತ್ತು ಹಾಕಿದಳು. ತೂಕ ಇಳಿಯಲಿಲ್ಲ. ತನ್ನದೇ ತಪ್ಪು ಅಂತ ಅತ್ತಳು. ಮಾತ್ರೆಗೂ ಇದಕ್ಕೂ ಸಂಬಂಧ ಇರಬಹುದು ಅಂತ ಮೂರು ವರ್ಷ ಯಾರೂ ಹೇಳಲಿಲ್ಲ. ನನಗೆ ಇವತ್ತಿಗೂ ಸಂಕಟವಾಗುವುದು ಆ ಮೂರು ವರ್ಷ ನೆನೆದರೆ.

ಹೇಳಬಹುದಿತ್ತು, ಯಾಕಂದರೆ ಇದು ಹೊಸ ವಿಷಯವೇ ಅಲ್ಲ. ಫಿನ್ಲೆಂಡಿನ ಡಾಕ್ಟರುಗಳು 238 ಹೆಂಗಸರನ್ನು ಪರೀಕ್ಷಿಸಿ 1993ರಲ್ಲೇ ವರದಿ ಪ್ರಕಟಿಸಿದ್ದರು. ಇಪ್ಪತ್ತು ವರ್ಷ ತುಂಬುವ ಮೊದಲು ವಾಲ್ಪ್ರೊಯೇಟ್ ಶುರು ಮಾಡಿದವರಲ್ಲಿ ನೂರಕ್ಕೆ 80 ಜನರಿಗೆ ಅಂಡಾಶಯದಲ್ಲಿ ನೀರುಗುಳ್ಳೆ ಅಥವಾ ಗಂಡು ಹಾರ್ಮೋನು ಜಾಸ್ತಿ ಇರುವುದು ಕಂಡಿತ್ತು. ಅದು ಒಂದು ಆಸ್ಪತ್ರೆಯ ಲೆಕ್ಕ, ಎಲ್ಲ ಕಡೆ ಅಷ್ಟೇ ಇರುತ್ತದೆ ಅಂತಲ್ಲ. ಆದರೆ ಚಿಕ್ಕ ವಯಸ್ಸಿನ ಹುಡುಗಿಯರಿಗೆ ಅಪಾಯ ಜಾಸ್ತಿ ಅನ್ನುವುದು ಆಮೇಲೂ ಮತ್ತೆ ಮತ್ತೆ ಕಂಡಿದೆ. ಈ ಔಷಧಿ ಅಂಡಾಶಯದಲ್ಲಿ ಟೆಸ್ಟೊಸ್ಟಿರಾನ್ ಜಾಸ್ತಿ ಆಗುವಂತೆ ಮಾಡುತ್ತದೆ, ಹಸಿವು, ತೂಕ, ಇನ್ಸುಲಿನ್ ಏರಿಸುತ್ತದೆ, ಒಂದಕ್ಕೊಂದು ಕೊಂಡಿ ಬೆಸೆಯುತ್ತದೆ. ಅದೇ ತಂಡ 1998ರಲ್ಲಿ ಇನ್ನೊಂದು ವಿಷಯ ಹೇಳಿತು: ವಾಲ್ಪ್ರೊಯೇಟ್ ಬದಲು ಲಾಮೊಟ್ರಿಜಿನ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ ಕೊಟ್ಟರೆ ಒಂದು ವರ್ಷದಲ್ಲಿ ಇದರಲ್ಲಿ ಬಹಳಷ್ಟು ಹಿಂದಕ್ಕೆ ಬರುತ್ತದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ತಪ್ಪನ್ನೂ ಮಾತ್ರೆಯ ತಲೆಗೆ ಕಟ್ಟಲಾಗದು. ಮೂರ್ಛೆರೋಗವೇ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶದ ತಾಳ ತಪ್ಪಿಸಬಹುದು, ಅದರಲ್ಲೂ ಕಿವಿಯ ಪಕ್ಕದ, ಮೆದುಳಿನ ಟೆಂಪೊರಲ್ ಭಾಗದಿಂದ ಹುಟ್ಟುವ ಫಿಟ್ಸ್‌ನಲ್ಲಿ. ವಾಲ್ಪ್ರೊಯೇಟ್ ಕೆಟ್ಟ ಔಷಧಿಯೂ ಅಲ್ಲ. ಕೆಲವು ಹದಿಹರೆಯದವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕೈ ಝಾಡಿಸಿ ಚಹಾದ ಲೋಟ ದೂರ ಹೋಗಿ ಬೀಳುತ್ತದೆ, ನಿದ್ದೆಗೆಟ್ಟರೆ ದೊಡ್ಡ ಫಿಟ್ಸ್ ಬರುತ್ತದೆ. ಅಂಥ ನಮೂನೆಗೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಮಾತ್ರೆ ಕಡಿಮೆ. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2021ರಲ್ಲೂ ಲೆವೆಟಿರಾಸಿಟಾಮ್ ಅನ್ನುವ ಹೊಸ ಮಾತ್ರೆಗಿಂತ ಇದೇ ಮೇಲು ಅಂತ ತೋರಿಸಿತು. ಹಾಗಾಗಿ ಕೊಟ್ಟದ್ದೇ ಅಪರಾಧ ಅಂತ ನಾನು ಹೇಳುತ್ತಿಲ್ಲ. ಹದಿನಾಲ್ಕರ ಹುಡುಗಿಗೆ ಕೊಡುವಾಗ ಅವಳ ಅಮ್ಮನಿಗೆ ಹೇಳಿ ಕೊಡಬೇಕಿತ್ತು. ಬೇರೆ ಯಾವ ಮಾತ್ರೆ ಇದೆ, ಅದರಿಂದ ಏನು, ಇದರಿಂದ ಏನು ಅಂತ ಐದು ನಿಮಿಷ ಕೂತು ಹೇಳಬೇಕಿತ್ತು.

ಈ ವಿಷಯದಲ್ಲಿ ಜಗತ್ತು ಈಗ ಎಲ್ಲಿಗೆ ಬಂದಿದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಮತ್ತು ಹುಡುಗಿಯರಿಗೆ ವಾಲ್ಪ್ರೊಯಿಕ್ ಆಸಿಡ್, ಅಂದರೆ ಇದೇ ವಾಲ್ಪ್ರೊಯೇಟ್, ಬರೆಯಬಾರದು ಅಂತ ಹೇಳಿದೆ. ಬ್ರಿಟನ್ 2018ರಿಂದ ಕಟ್ಟುನಿಟ್ಟು ಮಾಡಿದೆ, ಅಲ್ಲಿ ವರ್ಷಕ್ಕೊಮ್ಮೆ ತಜ್ಞರು ಕೂತು ಅಪಾಯ ವಿವರಿಸಿ, ಫಾರಂ ಮೇಲೆ ಸಹಿಯಾಗಬೇಕು. 2024ರ ಜನವರಿಯಿಂದ 55ಕ್ಕಿಂತ ಚಿಕ್ಕವರಿಗೆ ಹೊಸದಾಗಿ ಶುರು ಮಾಡಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಒಪ್ಪಬೇಕು. ನಮ್ಮ ಕೈಗೆ ಅಂಥ ಕಾಗದ ಯಾರೂ ಕೊಡಲಿಲ್ಲ. ಕೆಮಿಸ್ಟ್ ಅಂಗಡಿಯಲ್ಲಿ ಸ್ಟ್ರಿಪ್ಪು ಕತ್ತರಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ ಕೊಟ್ಟರು, ಅಷ್ಟೇ.

ಈ ಎಚ್ಚರಿಕೆಗೆ ಮುಖ್ಯ ಕಾರಣ ಪಿಸಿಒಡಿ ಅಲ್ಲ, ಹುಟ್ಟುವ ಮಗು. ನಲವತ್ತಕ್ಕೂ ಜಾಸ್ತಿ ದೇಶಗಳ ಬಸುರಿಯರ ಲೆಕ್ಕ ಇಟ್ಟ ಒಂದು ನೋಂದಣಿ 2018ರಲ್ಲಿ ಪ್ರಕಟವಾಯಿತು. ವಾಲ್ಪ್ರೊಯೇಟ್ ಮಾತ್ರ ತೆಗೆದುಕೊಂಡವರ ಮಕ್ಕಳಲ್ಲಿ ನೂರಕ್ಕೆ 10.3 ಮಕ್ಕಳಿಗೆ ದೊಡ್ಡ ಅಂಗದೋಷ ಇತ್ತು. ಲಾಮೊಟ್ರಿಜಿನ್‌ಗೆ 2.9, ಲೆವೆಟಿರಾಸಿಟಾಮ್‌ಗೆ 2.8. ಇವೆರಡು, ಯಾವ ಔಷಧಿಯೂ ಇಲ್ಲದ ಬಸುರಿಯರ ಲೆಕ್ಕದ ಹತ್ತಿರವೇ ಇವೆ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟಾಲ್ ಅನ್ನುವ ಹಳೆಯ ಮಾತ್ರೆಗಳು ಇವುಗಳ ನಡುವೆ ಎಲ್ಲೋ, ಐದೂವರೆಯಿಂದ ಆರೂವರೆ. ವಾಲ್ಪ್ರೊಯೇಟ್ ಡೋಸು ದಿನಕ್ಕೆ 1450 ಮಿಲಿಗ್ರಾಂ ದಾಟಿದರೆ ನೂರಕ್ಕೆ 25. ಅಂಗದೋಷ ಇಲ್ಲದಿದ್ದರೂ ಕಲಿಕೆಗೆ ಪೆಟ್ಟು. ಇನ್ನೊಂದು ಅಧ್ಯಯನದಲ್ಲಿ ಆರು ವರ್ಷದ ಮಕ್ಕಳ ಐಕ್ಯೂ ಅಳೆದಾಗ, ತಾಯಿ ಲಾಮೊಟ್ರಿಜಿನ್ ತೆಗೆದುಕೊಂಡವರಲ್ಲಿ ಸರಾಸರಿ 108, ವಾಲ್ಪ್ರೊಯೇಟ್ ತೆಗೆದುಕೊಂಡವರಲ್ಲಿ 97.

ಈ ಅಂಕಿಗಳನ್ನು ಓದಿ ಯಾರೂ ಇವತ್ತು ರಾತ್ರಿಯ ಮಾತ್ರೆ ಬಿಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ತಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅದು ಮಾತ್ರೆಗಿಂತ ದೊಡ್ಡ ಅಪಾಯ. ಈ ಔಷಧಿಗಳ ಮೇಲಿದ್ದ ತಾಯಂದಿರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ನಮ್ಮ ದೇಶದ್ದೇ ಅನುಭವ ಬೇಕಿದ್ದರೆ, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1998ರಿಂದ ಫಿಟ್ಸ್ ಇರುವ ಬಸುರಿಯರ ನೋಂದಣಿ ನಡೆಯುತ್ತಿದೆ. ಅಲ್ಲಿ ಮಾತ್ರೆ ಆರಿಸುವುದು, ಡೋಸು ಇಳಿಸುವುದು ಬಸಿರಿಗೆ ಮುಂಚೆಯೇ ಶುರುವಾಗುತ್ತದೆ. ಆ ನೋಂದಣಿಯ 2010ರ ಒಂದು ವರದಿಯಲ್ಲಿ, ಮೂರು ಅಥವಾ ಅದಕ್ಕೂ ಜಾಸ್ತಿ ಬಗೆಯ ಮಾತ್ರೆ ನುಂಗುತ್ತಿದ್ದವರಿಗೆ ಬಸಿರಾಗುವುದೂ ಕಷ್ಟವಾಗಿತ್ತು.

ಮುಂಚೆ ಅನ್ನುವ ಮಾತು ಯಾಕೆ ಅಷ್ಟು ಮುಖ್ಯ? ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಮುಟ್ಟು ತಪ್ಪಿತು ಅಂತ ಗೊತ್ತಾಗಿ, ಅತ್ತೆಗೆ ಹೇಳಿ, ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಆ ನಾಲ್ಕು ವಾರ ಮುಗಿದಿರುತ್ತದೆ. ಫೋಲಿಕ್ ಆಸಿಡ್ ಕೂಡ ಅಷ್ಟರೊಳಗೆ ದೇಹದಲ್ಲಿ ಇರಬೇಕು. ಎಷ್ಟು ಮಿಲಿಗ್ರಾಂ ಅನ್ನುವುದನ್ನು ಡಾಕ್ಟರೇ ಹೇಳಲಿ, ತುಂಬ ಹೆಚ್ಚಿನ ಡೋಸು ಬೇಕೇ ಅನ್ನುವ ಚರ್ಚೆ ಈಗ ನಡೆಯುತ್ತಿದೆ. ಮಾತ್ರೆ ಬದಲಾಯಿಸುವುದಕ್ಕೂ ಕಾಲ ಹಿಡಿಯುತ್ತದೆ. ಲಾಮೊಟ್ರಿಜಿನ್ ಅನ್ನು ಒಮ್ಮೆಲೇ ಏರಿಸುವ ಹಾಗಿಲ್ಲ. ಮೈಮೇಲೆ ಅಪಾಯಕಾರಿ ಬೊಬ್ಬೆ ಏಳಬಹುದು, ವಾಲ್ಪ್ರೊಯೇಟ್ ಜೊತೆಗಿದ್ದರೆ ಆ ಭಯ ಇನ್ನೂ ಜಾಸ್ತಿ. ನಮ್ಮ ಹುಡುಗಿಗೆ ವಾಲ್ಪ್ರೊಯೇಟಿನಿಂದ ಲಾಮೊಟ್ರಿಜಿನ್‌ಗೆ ಪೂರ್ತಿ ಬದಲಾಗಲು ಐದು ತಿಂಗಳು ಹಿಡಿಯಿತು. ಆ ಹೊಸತರಲ್ಲಿ ಬಂದ ಫಿಟ್ಸ್‌ಗಳೇ ಕ್ಯಾಲೆಂಡರಿನ ಆ ನೀಲಿ ಗೀಟುಗಳು.

ಇಲ್ಲಿಗೆ ಬಂದಾಗ ಮದುವೆಯ ವಿಷಯ ಎತ್ತದೆ ವಿಧಿಯಿಲ್ಲ. ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆ ರದ್ದು ಮಾಡಿಸಲು ಒಂದು ಕಾರಣವಾಗಿತ್ತು. 1999ರ ತಿದ್ದುಪಡಿಯಲ್ಲಿ ಆ ಪದ ತೆಗೆದುಹಾಕಿದರು. ಕಾಯ್ದೆಯಿಂದ ಹೋಯಿತು, ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಊರಿನಿಂದ ಜಾತಕ ಬರುತ್ತದೆ, ಮಾತುಕತೆ ಆಗುತ್ತದೆ, "ಅದೊಂದು ವಿಷಯ ಬಿಟ್ಟು ಎಲ್ಲ ಹೇಳಿ" ಅನ್ನುತ್ತಾರೆ. ಹುಡುಗಿ ಗಂಡನ ಮನೆಗೆ ಹೋಗುವಾಗ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ವಿಟಮಿನ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಾಳೆ. ನಮ್ಮ ಬಿಲ್ಡಿಂಗಿನ ಒಬ್ಬಳು ಹಾಗೇ ಮಾಡಿದ್ದಳು. ಮುಚ್ಚಿಟ್ಟ ಮಾತ್ರೆಯ ಬಗ್ಗೆ ಡಾಕ್ಟರ ಹತ್ತಿರ ಹೋಗಿ ಮಗು ಬೇಕು, ಮಾತ್ರೆ ಬದಲಾಯಿಸಿ ಅಂತ ಕೇಳುವುದಾದರೂ ಹೇಗೆ? ಜೊತೆಗೆ ಗಂಡ ಬಂದಿರುತ್ತಾನೆ, ಇಲ್ಲಾ ಅತ್ತೆ. ಪೂಜೆ, ಜಾಗರಣೆ, ಉಪವಾಸ ಅಂತ ನಿದ್ದೆ ಬಿಟ್ಟು, ಮಾತ್ರೆ ತಪ್ಪಿ, ಒಂದು ದಿನ ಎಲ್ಲರ ಮುಂದೆ ಬೀಳುತ್ತಾಳೆ. ಆಗ ರೋಗಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ. ಮುಚ್ಚಿಡುವವರನ್ನು ನಾನು ದೂರುವುದಿಲ್ಲ, ಹೇಳಿ ಸಂಬಂಧ ತಪ್ಪಿದವರನ್ನೂ ನೋಡಿದ್ದೇನೆ. ಆದರೆ ಮುಚ್ಚಿಡುವ ಬೆಲೆ ಹುಟ್ಟುವ ಮಗು ತೆರಬಹುದು ಅನ್ನುವುದನ್ನು ಮನೆಯ ಹಿರಿಯರು ತಿಳಿದಿರಬೇಕು.

ಈಗ ಸ್ಟೇಷನ್ನಿನ ಕಥೆ. ಕ್ಯಾಲೆಂಡರ್ ನೋಡಿದ ಮೇಲೆ ನ್ಯೂರೊ ಡಾಕ್ಟ್ರು ಲಾಮೊಟ್ರಿಜಿನ್ ಡೋಸು ಸರಿ ಮಾಡಿ, ಮುಟ್ಟಿನ ದಿನಗಳಿಗೆ ಕ್ಲೋಬಜಾಮ್ ಸೇರಿಸಿದರು. ಎಂಟು ತಿಂಗಳು ಒಂದೂ ನೀಲಿ ಗೀಟು ಇಲ್ಲ. ತೂಕ ಇಳಿಯಿತು, ಮುಟ್ಟು ಸರಿಹೋಯಿತು. ಉಳಿದದ್ದು ಮೊಡವೆ ಮತ್ತು ಗಲ್ಲದ ರೋಮ. ಅದಕ್ಕೆ ಗೈನಿಕ್ ಕಡೆಯಿಂದ 21 ಗುಳಿಗೆಯ ಹಾರ್ಮೋನು ಪ್ಯಾಕೆಟ್, ಅಂದರೆ ಗರ್ಭನಿರೋಧಕ ಗುಳಿಗೆಯೇ, ಬಂತು. ಎರಡನೇ ಪ್ಯಾಕೆಟ್ಟಿನ ಹೊತ್ತಿಗೆ, ಬೆಳಿಗ್ಗೆ ಎಂಟರ ಗಡಿಬಿಡಿಯಲ್ಲಿ, ಡೊಂಬಿವಲಿ ಪ್ಲಾಟ್‌ಫಾರ್ಮಿನ ಮೇಲೆ ಅವಳು ಬಿದ್ದಳು. ಯಾರೋ "ಫಿಟ್ ಆಲೀ, ಚಪ್ಪಲ್ ಹುಂಗವಾ" ಅಂತ ಕೂಗಿ ಮೂಗಿಗೆ ಚಪ್ಪಲಿ ಹಿಡಿದರು. ಪುಣ್ಯಕ್ಕೆ ಮೀನು ಮಾರುವ ಒಬ್ಬ ಹೆಂಗಸು ಅವರನ್ನು ಸರಿಸಿ, ಇವಳನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ತನ್ನ ಸೆರಗಿನ ಮಡಿಕೆ ಇಟ್ಟುಕೊಂಡು ಕೂತಿದ್ದಳು. ಮಾಡಬೇಕಾದ್ದು ಅಷ್ಟೇ. ಬಾಯಿಗೆ ಏನೂ ತುರುಕಬಾರದು, ಕೈಗೆ ಕಬ್ಬಿಣ ಕೊಡಬೇಕಾಗಿಲ್ಲ, ಐದು ನಿಮಿಷ ದಾಟಿದರೆ ಆಸ್ಪತ್ರೆ.

ಆಗಿದ್ದೇನು ಅಂದರೆ, ಈಸ್ಟ್ರೋಜನ್ ಇರುವ ಗುಳಿಗೆ ರಕ್ತದಲ್ಲಿನ ಲಾಮೊಟ್ರಿಜಿನ್ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅವಳು ಒಂದು ಮಾತ್ರೆಯೂ ತಪ್ಪಿಸಿರಲಿಲ್ಲ, ಆದರೂ ಅರ್ಧ ಮಾತ್ರೆ ನುಂಗಿದ ಹಾಗಾಗಿತ್ತು. "ನಾನು ಎಲ್ಲ ಸರಿ ಮಾಡಿದ್ದೆ ಅಲ್ವಾ ಚಿಕ್ಕಮ್ಮ?" ಅಂತ ಕೇಳಿದಳು. ಸರಿಯಾಗೇ ಮಾಡಿದ್ದಳು.

ಇದೇ ಮಾತು ಉಲ್ಟಾ ದಿಕ್ಕಿನಲ್ಲೂ ಇದೆ. ಫೆನಿಟಾಯಿನ್ ಅಂದರೆ ಎಪ್ಟೊಯಿನ್, ಕಾರ್ಬಮಜೆಪಿನ್ ಅಂದರೆ ಟೆಗ್ರಿಟಾಲ್, ಫಿನೋಬಾರ್ಬಿಟಾಲ್ ಅಂದರೆ ಗಾರ್ಡಿನಲ್, ಇವು ಲಿವರಿನ ಕೆಲಸ ಚುರುಕು ಮಾಡಿ ಗರ್ಭನಿರೋಧಕ ಗುಳಿಗೆಯನ್ನು ಬೇಗ ಕರಗಿಸಿಬಿಡುತ್ತವೆ. ಆಕ್ಸ್‌ಕಾರ್ಬಜೆಪಿನ್, ಟೊಪಿರಮೇಟ್ ಹೆಚ್ಚಿನ ಡೋಸಿನಲ್ಲಿ ಇದೇ ಕೆಲಸ ಮಾಡುತ್ತವೆ. ದಿನಾ ತಪ್ಪದೆ ಗುಳಿಗೆ ನುಂಗಿದರೂ ಬಸಿರಾಗಬಹುದು. ಐ-ಪಿಲ್ ಥರದ ತುರ್ತು ಗುಳಿಗೆಯೂ ಇವರಿಗೆ ಒಂದು ಸಾಲದೇ ಹೋಗಬಹುದು. ಇಂಥವರಿಗೆ ಕಾಪರ್-ಟಿ ಅಥವಾ ಹಾರ್ಮೋನು ಇರುವ ವಂಕಿ ಒಳ್ಳೆಯದು, ಯಾವ ಫಿಟ್ಸ್ ಮಾತ್ರೆಯೂ ಅದರ ಕೆಲಸ ಕೆಡಿಸುವುದಿಲ್ಲ. ಕಾಪರ್-ಟಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಲೆವೆಟಿರಾಸಿಟಾಮ್, ವಾಲ್ಪ್ರೊಯೇಟ್ ಇವೆರಡು ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುವುದಿಲ್ಲ. ಇಷ್ಟು ತಿಳಿಯಲು ಗೈನಿಕ್ ಡಾಕ್ಟರಿಗೆ ಒಂದೇ ಪ್ರಶ್ನೆ ಸಾಕಿತ್ತು: ಯಾವ ಮಾತ್ರೆ?

ಲಾಮೊಟ್ರಿಜಿನ್ ಬಸಿರಿನಲ್ಲೂ ಹಾಗೇ ರಕ್ತದಿಂದ ಬೇಗ ಹೊರಹೋಗುತ್ತದೆ, ತಿಂಗಳು ಏರಿದ ಹಾಗೆ ಡೋಸು ಏರಿಸಬೇಕಾಗುತ್ತದೆ. ಹೆರಿಗೆಯಾದ ಮೇಲೆ ಕೆಲವೇ ವಾರದಲ್ಲಿ ಅದನ್ನು ಮತ್ತೆ ಇಳಿಸಬೇಕು, ಇಲ್ಲದಿದ್ದರೆ ತಲೆಸುತ್ತು, ಒಂದು ಎರಡಾಗಿ ಕಾಣುವುದು, ತೂರಾಡುವುದು. ನಮ್ಮವರು ಅದನ್ನು ಬಾಣಂತಿ ನಿಶ್ಶಕ್ತಿ ಅಂತ ಲೇಹ್ಯ ಕೊಡುತ್ತಾರೆ. ಮೊಲೆಹಾಲು ಧಾರಾಳವಾಗಿ ಕೊಡಬಹುದು, ಹೆಚ್ಚಿನ ಮಾತ್ರೆಗಳಲ್ಲಿ ತೊಂದರೆಯಿಲ್ಲ. ರಾತ್ರಿಯ ಒಂದು ಹಾಲನ್ನು ಬೇರೆ ಯಾರಾದರೂ ಕುಡಿಸಿದರೆ ತಾಯಿಗೆ ನಿದ್ದೆ ಸಿಗುತ್ತದೆ. ಕಾಲ ಮೇಲೆ ಮಲಗಿಸಿ ನೀರು ಹುಯ್ಯುವುದನ್ನು ಮಾತ್ರ ಅಜ್ಜಿಗೋ ಚಿಕ್ಕಮ್ಮನಿಗೋ ಬಿಡಿ.

ಮೂಳೆಯ ಮಾತು ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ಮಾತ್ರೆಗಳು ವಿಟಮಿನ್ ಡಿ ಕರಗಿಸುತ್ತವೆ, ಹತ್ತಿಪ್ಪತ್ತು ವರ್ಷ ನುಂಗಿದ ಹೆಂಗಸರು ನಲವತ್ತೈದು ದಾಟಿದಾಗ ಮೂಳೆ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ, ಮುಟ್ಟಿನ ಜೊತೆ ಫಿಟ್ಸ್ ಏರುತ್ತಿದ್ದವರಿಗೆ ಸ್ವಲ್ಪ ಜಾಸ್ತಿಯಾಗಬಹುದು, ನಿಂತ ಮೇಲೆ ಅವರಿಗೇ ಕಡಿಮೆಯೂ ಆಗಬಹುದು.

ನಮ್ಮ ಕೈಯಲ್ಲಿ ಏನಿದೆ ಅಂದರೆ, ಎರಡು ಫೈಲನ್ನು ನಾವೇ ಹೊಲಿಯುವುದು. ಕೆಇಎಂ, ಸಾಯನ್, ನಾಯರ್‌ನಂಥ ಮುನ್ಸಿಪಾಲ್ಟಿ ಆಸ್ಪತ್ರೆಗಳಲ್ಲಿ ನ್ಯೂರೊ, ಗೈನಿಕ್ ಎರಡೂ ಒಂದೇ ಆವರಣದಲ್ಲಿವೆ. ಅಲ್ಲಿ ತೋರಿಸುವವರು ಒಂದರ ಕೇಸ್ ಪೇಪರನ್ನು ಇನ್ನೊಂದಕ್ಕೆ ತಪ್ಪದೆ ಒಯ್ಯಿರಿ. ಖಾಸಗಿಯಲ್ಲಿ ತೋರಿಸುವವರಿಗೆ ಇದು ಇನ್ನೂ ಮುಖ್ಯ, ಒಬ್ಬರು ಥಾಣೆಯಲ್ಲಿ, ಒಬ್ಬರು ಮಾಟುಂಗದಲ್ಲಿ ಇರುತ್ತಾರೆ. ನಮ್ಮ ಕನ್ನಡ ಸಂಘಗಳ ಮಹಿಳಾ ವಿಭಾಗದವರು ಅರಿಶಿನ ಕುಂಕುಮದ ದಿನ ಬಿಪಿ, ಶುಗರ್ ನೋಡಿಸುತ್ತಾರೆ, ಒಳ್ಳೆಯದೇ. ಒಂದು ವರ್ಷ ಒಬ್ಬ ನ್ಯೂರೊ ಡಾಕ್ಟರನ್ನೂ ಒಬ್ಬ ಗೈನಿಕ್ ಡಾಕ್ಟರನ್ನೂ ಒಂದೇ ವೇದಿಕೆಗೆ ಕರೆಸಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ತೆಗೆದುಕೊಳ್ಳಿ. ಎಷ್ಟು ಚೀಟಿ ಬರುತ್ತವೆ ಅಂತ ನೋಡಿ.

ಸ್ಟೇಷನ್ನಿನಲ್ಲಿ ಬಿದ್ದ ವಾರ ನಾವು ನ್ಯೂರೊ ಡಾಕ್ಟರ ಹತ್ತಿರ ಹೋದೆವು. ಹುಡುಗಿ ತಾನೇ ಕೇಳಿದಳು, "ಸರ್, ನೀವೇ ಅವರಿಗೆ ಬರೆದುಕೊಡ್ತೀರಾ?" ಅವರು ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಬರೆದರು: ಮಾತ್ರೆಯ ಹೆಸರು, ಡೋಸು, ಈಸ್ಟ್ರೋಜನ್ ಕೊಡುವ ಮುಂಚೆ ನನಗೆ ತಿಳಿಸಿ, ಮಗು ಬೇಕು ಅಂದಾಗ ಆರು ತಿಂಗಳು ಮೊದಲೇ ಕಳಿಸಿ. ಗೈನಿಕ್ ಡಾಕ್ಟ್ರು ಅದನ್ನು ಎರಡು ಸಲ ಓದಿದರು. ತಮ್ಮ ಫೈಲಿನ ಮೊದಲ ಪುಟಕ್ಕೆ ಸ್ಟೇಪಲ್ ಮಾಡಿದರು. ಆಮೇಲೆ ಲೆಟರ್‌ಹೆಡ್ಡಿನ ಮೇಲಿದ್ದ ನಂಬರಿಗೆ ಅಲ್ಲೇ, ನಮ್ಮ ಎದುರಿಗೇ ಫೋನ್ ಹಚ್ಚಿದರು. ಏಳು ವರ್ಷದಲ್ಲಿ ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು.